ನಾಯಿಗೊಂದು ರೊಟ್ಟಿ ಇರಲಿ, ಆದರೆ ಅದು ನಾಯಿಯ ರೊಟ್ಟಿಯೇ ಆಗಿರಲಿ

ಈ ವಿಷಯ ಬರೆಯುತ್ತೇನೆ ಅಂದಾಗ ಮೊದಲು ನಕ್ಕವರು ನಮ್ಮ ಮನೆಯವರೇ. "ಮಳಿ ಬಗ್ಗೆ ಬರೀರಿ, ತೊಗರಿ ರೇಟಿನ ಬಗ್ಗೆ ಬರೀರಿ. ನಾಯಿ ರೊಟ್ಟಿ ಬಗ್ಗೆ ಬರದ್ರ ಯಾರ್ ಓದ್ತಾರ?" ಅಂತ ನನ್ನ ಹೆಂಡತಿ ಕೇಳಿದಳು. ಮಳೆ, ರೇಟು ನಮ್ಮ ಕೈಯಲ್ಲಿ ಇಲ್ಲ. ನಾಯಿಗೆ ಏನು ಹಾಕಬೇಕು ಅನ್ನೋದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಅದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಇನ್ನೊಬ್ಬ ರೈತ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಊರು. ಒಟ್ಟು ಏಳು ಎಕರೆ ಒಣಬೇಸಾಯ. ನಾಲ್ಕು ಎಕರೆ ಎರೆಯಲ್ಲಿ ಹಿಂಗಾರಿ ಬಿಳಿಜೋಳ, ಬದುವಿಗೆ ಕುಸುಬಿ. ಮೂರು ಎಕರೆ ಮಸಾರಿಯಲ್ಲಿ ಸಜ್ಜೆ, ತೊಗರಿ, ಸ್ವಲ್ಪ ಶೇಂಗಾ. ಹದಿನಾಲ್ಕು ಆಡು ಇವೆ. ನಮ್ಮ ಸುತ್ತ ನೀರಿದ್ದವರು ದ್ರಾಕ್ಷಿ ಹಾಕಿದ್ದಾರೆ. ನನ್ನ ಹೊಲ ಎತ್ತರದಲ್ಲಿದೆ, ಅಲ್ಲಿಗೆ ನೀರು ಏರಿಲ್ಲ. ಹೊಲದಲ್ಲೇ ಮನೆ. ಹೊಲದ ಮನೆ ಅಂದ ಮೇಲೆ ನಾಯಿ ಬೇಕೇ ಬೇಕು. ಹಂದಿ, ನರಿ, ಅಪರೂಪಕ್ಕೆ ತೋಳ, ರಾತ್ರಿ ಪಂಪಿನ ವೈರು ಕದಿಯುವವರು, ಇವರೆಲ್ಲರಿಗೂ ಉತ್ತರ ನಾಯಿಯೇ.

ಮೋತ್ಯಾ ಸತ್ತದ್ದು

ನಮ್ಮ ಹಿಂದಿನ ನಾಯಿಯ ಹೆಸರು ಮೋತ್ಯಾ. ತಾಯಿ ಮುಧೋಳ ತಳಿಯ ಮಿಶ್ರ, ತಂದೆ ಊರನಾಯಿ. ಉದ್ದ ಕಾಲು, ತೆಳ್ಳಗಿನ ಹೊಟ್ಟೆ. ಆರು ವರ್ಷ ನಮ್ಮ ಆಡು ಕಾದಿತ್ತು. ಅದು ಇರುವ ತನಕ ಒಂದು ಮರಿಯನ್ನೂ ನಾವು ಕಳೆದುಕೊಂಡಿರಲಿಲ್ಲ.

2022ರ ಹೋಳಿ ಹುಣ್ಣಿಮೆ ಹೊತ್ತಿಗೆ ಪಕ್ಕದ ತೋಟದ ಶೆಡ್ಡಿನಲ್ಲಿ ಒಣದ್ರಾಕ್ಷಿ ಸೀಸನ್ ಜೋರಾಗಿತ್ತು. ಆರಿಸಿ ಬೇರೆ ಮಾಡಿದ ಕಪ್ಪು, ಅಂಟು ಮಾಲನ್ನು ಅವರು ಒಂದು ಚೀಲ ಕೊಟ್ಟರು. "ಮಾರಾಕ ಬರೂದಿಲ್ಲ, ಮನ್ಯಾಗ ತಿನ್ರಿ" ಅಂದರು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹಬ್ಬದ ದಿನ ನಾಯಿಗೂ ಏನಾದರೂ ಸಿಹಿ ಇರಲಿ ಅಂತ ನಾನೇ ಸಜ್ಜೆ ಹಿಟ್ಟಿಗೆ ಎರಡು ಹಿಡಿ ಒಣದ್ರಾಕ್ಷಿ, ಒಂದು ಚೂರು ಬೆಲ್ಲ ಹಾಕಿ, ದಪ್ಪಗೆ ರೊಟ್ಟಿ ತಟ್ಟಿ ಹಂಚಿನ ಮೇಲೆ ಬೇಯಿಸಿದೆ. ಮೋತ್ಯಾ ಬಾಲ ಅಲ್ಲಾಡಿಸಿಕೊಂಡು ಮೂರು ರೊಟ್ಟಿ ತಿಂದಿತು. ನನಗೆ ಬಹಳ ಸಂತೋಷವಾಯಿತು.

ಅವತ್ತು ರಾತ್ರಿಯೇ ವಾಂತಿ ಶುರುವಾಯಿತು. ಹೆಚ್ಚು ತಿಂದಿದೆ, ಕಾರಿಕೊಂಡು ಹಗುರ ಆಗ್ತದೆ ಅಂದುಕೊಂಡೆ. ಮರುದಿನ ಏನೂ ಮುಟ್ಟಲಿಲ್ಲ, ಮೂಲೆ ಹಿಡಿದು ಮಲಗಿತು. ಮೂರನೇ ದಿನ ಉಚ್ಚೆ ಹೊಯ್ಯೋದು ಪೂರಾ ನಿಂತಿತು. ಆಗ ಗಾಡಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಏನ್ ತಿಂದೈತಿ?" ನಾನು ಹೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಐದನೇ ದಿನ ಬೆಳಿಗ್ಗೆ ಮೋತ್ಯಾ ಹೋಯಿತು.

ದ್ರಾಕ್ಷಿಗೆ ಹೊಡೆದ ಔಷಧ ಕೊಂದಿರಬೇಕು, ಇಲ್ಲ ಒಣಗಿಸುವ ಮುಂಚೆ ಅದ್ದುವ ಎಣ್ಣೆ ಕೊಂದಿರಬೇಕು ಅಂತ ನಾನು ಅಂದೆ. ಡಾಕ್ಟರು ಹೇಳಿದ್ದು ಬೇರೆ. "ಔಷಧ ಹೊಡೀದ ದ್ರಾಕ್ಷಿನೂ ನಾಯಿಗೆ ವಿಷಾನೇ. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಅದರ ಮೂತ್ರಪಿಂಡ ಹಾಳು ಮಾಡ್ತಾವ. ಒಣದ್ರಾಕ್ಷಿ ಇನ್ನೂ ಜೋರ. ಒಂದು ನಾಯಿ ತಿಂದು ಅರಾಮ ಇರ್ತೈತಿ, ಇನ್ನೊಂದು ನಾಲ್ಕ ತಿಂದು ಸಾಯ್ತೈತಿ. ಇಷ್ಟು ಕೊಟ್ರ ನಡೀತೈತಿ ಅನ್ನೂ ಲೆಕ್ಕಾನೇ ಇಲ್ಲ."

ನಾನು ನನ್ನ ಕೈಯಾರೆ ಹಿಟ್ಟು ನಾದಿ, ಬೇಯಿಸಿ, ಆರಿಸಿ ತಿನ್ನಿಸಿದ್ದೆ. ಹಬ್ಬದ ತಿನಿಸು ಅಂತ ಕೊಟ್ಟದ್ದೇ ಅದರ ಜೀವ ತೆಗೆಯಿತು. ಒಂದು ಬೈಗುಳ ಬೈದು ಏನೂ ಕೊಡದೇ ಇದ್ದಿದ್ದರೆ ಮೋತ್ಯಾ ಬದುಕುತ್ತಿತ್ತು.

ನಮ್ಮವ್ವನ ಕೊನೆಯ ರೊಟ್ಟಿ

ಹಾಗಾದರೆ ನಾಯಿಗೆ ಏನೂ ಬೇಯಿಸಿ ಹಾಕಬಾರದೇ? ನನ್ನ ಅಭಿಪ್ರಾಯ ಹಾಗಲ್ಲ. ನಮ್ಮವ್ವ ಜೀವ ಇರುವ ತನಕ ನಾಯಿಗೆ ರೊಟ್ಟಿ ಬಡಿದಳು. ದಿನಾ ಮನೆಮಂದಿಯ ರೊಟ್ಟಿ ಮುಗಿದ ಮೇಲೆ ಕೊಣಮಿಗೆಯಲ್ಲಿ ಅಂಟಿದ ಹಿಟ್ಟು, ಉದುರಿದ ಹಿಟ್ಟು ಎಲ್ಲಾ ಸೇರಿಸಿ ಒಂದು ದಪ್ಪ ರೊಟ್ಟಿ ಮಾಡುತ್ತಿದ್ದಳು. ಅದನ್ನು ಹಂಚಿನ ಮೇಲೆ ಅರ್ಧ ಬೇಯಿಸಿ, ಒಲೆಯ ಬಾಯಿಗೆ ಒರಗಿಸಿ ಇಡುತ್ತಿದ್ದಳು. ಕೆಂಡದ ಕಾವಿಗೆ ಅದು ಗಟ್ಟಿಯಾಗಿ ಕಟಕಟ ಅನ್ನುತ್ತಿತ್ತು. ಅದಕ್ಕೆ ನಾವು 'ನಾಯಿ ರೊಟ್ಟಿ' ಅನ್ನುತ್ತಿದ್ದೆವು. 1972ರ ಬರದಾಗ ನಾನು ಇನ್ನೂ ಕೂಸು. ಆ ವರ್ಷವೂ ಅಂಗೈ ಅಗಲದ್ದಾದರೂ ಒಂದು ನಾಯಿ ರೊಟ್ಟಿ ಮಾಡಿದ್ದೆ ಅಂತ ಅವ್ವ ಹೇಳುತ್ತಿದ್ದಳು. "ಕಾಯೋ ಜೀವಕ್ಕ ಹಾಕಲಿಲ್ಲಂದ್ರ ಅದು ಯಾರ ಮನಿ ಕಾಯಬೇಕು?" ಅನ್ನೋದು ಅವಳ ಮಾತು.

ಅವ್ವ ಓದಿದವಳಲ್ಲ. ಆದರೂ ಅವಳ ರೊಟ್ಟಿಯಿಂದ ಒಂದು ನಾಯಿಯೂ ಸಾಯಲಿಲ್ಲ. ಯಾಕೆ ಅಂತ ಮೋತ್ಯಾ ಹೋದ ಮೇಲೆ ಯೋಚನೆ ಮಾಡಿದೆ. ಆ ರೊಟ್ಟಿಯಲ್ಲಿ ಜೋಳದ ಹಿಟ್ಟು, ಬಿಸಿನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಉಪ್ಪು ಕೂಡ ಇಲ್ಲ. ಅದಕ್ಕೆ ನೆಂಚಿಕೊಳ್ಳಲು ನೀರುಮಜ್ಜಿಗೆ.

ಬದಲಾದದ್ದು ನಮ್ಮ ಊಟ. ಈಗ ಮನೆಯಲ್ಲಿ ಗ್ಯಾಸ್ ಬಂದಿದೆ, ಒಲೆಯ ಬಾಯಿ ಹೋಗಿದೆ. ಎಷ್ಟೋ ಮನೆಯಲ್ಲಿ ಖಡಕ್ ರೊಟ್ಟಿ ಹೊರಗಿನಿಂದ ಕೊಂಡು ತರುತ್ತಾರೆ. ರೇಷನ್ ಅಕ್ಕಿ ಬಂದ ಮೇಲೆ ರಾತ್ರಿ ಊಟ ಅನ್ನ ಸಾರು. ಉಳಿದ ಅನ್ನಸಾರೇ ನಾಯಿಗೆ. ಆ ಸಾರಿನಲ್ಲಿ ಹುಣಸೆಹಣ್ಣು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಉಪ್ಪು, ಖಾರ ಎಲ್ಲಾ ಇದೆ. ನಮಗೆ ರುಚಿ, ನಾಯಿಗೆ ತೊಂದರೆ. ಅವ್ವನ ಕಾಲದಲ್ಲಿ ನಾಯಿಗೆ ಅದರದೇ ರೊಟ್ಟಿ ಇತ್ತು. ಈಗ ಅದಕ್ಕೆ ಸಿಗೋದು ನಮ್ಮ ತಾಟಿನಲ್ಲಿ ಉಳಿದದ್ದು ಮಾತ್ರ. ನಾನು ಹೇಳಬೇಕೆಂದಿರುವುದು ಇಷ್ಟೇ: ಉಳಿದದ್ದನ್ನು ಹಾಕುವ ರೂಢಿ ಬಿಟ್ಟು, ಮತ್ತೆ ನಾಯಿಗೆ ಅಂತಲೇ ಒಂದು ರೊಟ್ಟಿ ಬೇಯಿಸೋಣ.

ನಾಯಿಗೆ ರೊಟ್ಟಿ ಪಚನ ಆಗ್ತದೆಯೇ?

"ನಾಯಿ ಅಂದ್ರ ಮಾಂಸ ತಿನ್ನೋ ಪ್ರಾಣಿ, ಅದಕ್ಕ್ಯಾಕ ಜೋಳ?" ಅಂತ ಕೇಳುವವರಿದ್ದಾರೆ. ಮಗಳು ಕಾಲೇಜಿಗೆ ಹೋಗ್ತಾಳೆ, ಅವಳು ಓದಿ ಹೇಳಿದ್ದು ಇದು. 2013ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದ ವಿಜ್ಞಾನಿಗಳು ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಹಿಟ್ಟಿನ ಪದಾರ್ಥ ಕರಗಿಸುವ ಶಕ್ತಿ ನಾಯಿಗೆ ತೋಳಕ್ಕಿಂತ ಬಹಳ ಹೆಚ್ಚು ಇದೆ ಅಂತ ಕಂಡುಬಂತು. ಅಂದರೆ ಒಕ್ಕಲುತನ ಮಾಡುವವರ ಜೊತೆ ಇದ್ದು ಇದ್ದು ನಾಯಿಯ ಹೊಟ್ಟೆಯೂ ಕಾಳಿಗೆ ಹೊಂದಿಕೊಂಡಿದೆ. ಆದರೆ ಕಾಳು ಚೆನ್ನಾಗಿ ಬೆಂದಿರಬೇಕು.

ಪೇಟೆಯಲ್ಲಿ ಸಿಗುವ ನಾಯಿ ಬಿಸ್ಕೀಟಿನ ಕಥೆಯೂ ಮಜಾ ಇದೆ. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಅನ್ನುವ ಅಮೆರಿಕದವನು ಲಂಡನ್ನಿಗೆ ಹೋಗಿದ್ದ. ಅಲ್ಲಿ ಹಡಗಿನವರು ಬಿಸಾಡಿದ ಗಟ್ಟಿ ಬಿಸ್ಕೀಟನ್ನು ನಾಯಿಗಳು ತಿನ್ನೋದನ್ನು ನೋಡಿ, ಗೋಧಿಹಿಟ್ಟು, ತರಕಾರಿ, ಮಾಂಸ ಸೇರಿಸಿ ನಾಯಿಗೆಂದೇ ಬಿಸ್ಕೀಟು ಮಾಡಿ ಮಾರಿದ. ಹಡಗಿನ ಗಟ್ಟಿ ಬಿಸ್ಕೀಟು ಅಂದರೆ ಏನು? ಹಿಟ್ಟು, ನೀರು ಕಲಸಿ ಬೇಯಿಸಿ ಒಣಗಿಸಿದ್ದು. ನಮ್ಮ ಖಡಕ್ ರೊಟ್ಟಿಯ ಅಣ್ಣತಮ್ಮನೇ. ನಮ್ಮವ್ವ ಒಲೆಯ ಬಾಯಿಗೆ ಒರಗಿಸಿ ಮಾಡುತ್ತಿದ್ದದ್ದನ್ನೇ ಅವನು ಕಾರ್ಖಾನೆಯಲ್ಲಿ ಮಾಡಿ ಪಾಕೀಟಿಗೆ ಹಾಕಿದ.

ಆದರೆ ಬರೀ ರೊಟ್ಟಿಯಿಂದ ನಾಯಿ ಬಲವಾಗಿರೋದಿಲ್ಲ, ಇದನ್ನು ಮರೆಯಬಾರದು. ಅದಕ್ಕೆ ಬೇಳೆ, ತತ್ತಿ, ಮಜ್ಜಿಗೆ, ತಿನ್ನುವವರ ಮನೆಯಾದರೆ ಮಾಂಸದ ತುಣುಕು ಬೇಕು. ನಮ್ಮ ಮನೆಯಲ್ಲಿ ತತ್ತಿ ನಡೆಯೋದಿಲ್ಲ. ಅದಕ್ಕೆ ಅಂಗಳದಲ್ಲಿ ಮೂರು ಕಲ್ಲು ಇಟ್ಟು ಒಂದು ಒಲೆ, ಒಂದು ಹಳೇ ಡಬ್ಬಿ, ಒಂದು ಒಡಕು ಹಂಚು ನಾಯಿಗಂತ ಬೇರೆ ಮಾಡಿದ್ದೇನೆ. ಅಡುಗೆ ಮನೆಗೂ ಅದಕ್ಕೂ ಸಂಬಂಧ ಇಲ್ಲ. ಹೆಂಡತಿ ಮೊದಲು ಮುಖ ಸಿಂಡರಿಸಿದಳು, ಈಗ ತಾನೇ ಒಲೆ ಹೊತ್ತಿಸುತ್ತಾಳೆ. ಮಾಂಸ ತಿನ್ನುವ ಮನೆಯವರಿಗೆ ಒಂದು ಮಾತು: ಬೇಯಿಸಿದ ಕೋಳಿ ಎಲುಬು ಹಾಕಬೇಡಿ. ಅದು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ನಮ್ಮ ಹೊಲದಲ್ಲೇ ಇರುವ ವಿಷಗಳು

ವಿಷ ಅಂದರೆ ನಮಗೆ ಡಬ್ಬಿಯ ಮೇಲಿನ ಕೆಂಪು ಗುರುತು ನೆನಪಾಗುತ್ತದೆ. ನಾವೇ ಬೆಳೆದು ನಾವೇ ತಿನ್ನುವ ಪದಾರ್ಥ ನಾಯಿಗೆ ವಿಷ ಆದೀತು ಅಂತ ಹೊಳೆಯೋದೇ ಇಲ್ಲ. ನನ್ನ ತಪ್ಪಿಗೆ ಕಾರಣ ಅದೇ.

ದ್ರಾಕ್ಷಿಯ ಮಾತು ಹೇಳಿದೆ. ವಿಜಯಪುರ ಜಿಲ್ಲೆಯಲ್ಲಿ ಜನವರಿಯಿಂದ ಏಪ್ರಿಲ್ ತನಕ ಎಲ್ಲಿ ನೋಡಿದರೂ ದ್ರಾಕ್ಷಿ, ಒಣದ್ರಾಕ್ಷಿ. ಶೆಡ್ಡಿನ ಸುತ್ತ ಬಿದ್ದದ್ದನ್ನು ನಾಯಿ ತಿನ್ನುತ್ತದೆ. ಶೆಡ್ಡು ಇರುವವರು ನಾಯಿಯನ್ನು ದೂರ ಕಟ್ಟಬೇಕು. ದ್ರಾಕ್ಷಿ ಹಾಕಿದ ಹಬ್ಬದ ಪಾಯಸ, ಶಿರಾ, ಉಂಡಿ ಯಾವುದನ್ನೂ ಹಾಕಬಾರದು.

ಎರಡನೆಯದು ಹುಣಸೆ. 2021ರಲ್ಲಿ ಅಮೆರಿಕದ ಪಶುವೈದ್ಯರು, ದ್ರಾಕ್ಷಿಯಲ್ಲಿ ನಾಯಿಗೆ ಕೇಡು ಮಾಡುವುದು ಟಾರ್ಟಾರಿಕ್ ಆಮ್ಲ ಅನ್ನುವ ಹುಳಿ ಇರಬೇಕು ಅಂತ ಬರೆದರು. ಅದೇ ಹುಳಿ ಹುಣಸೆಹಣ್ಣಿನಲ್ಲಿ ಬಹಳ ಇದೆ. ಹುಣಸೆ ತಿಂದ ನಾಯಿಗಳಿಗೂ ಮೂತ್ರಪಿಂಡ ಕೆಟ್ಟದ್ದನ್ನು ಅವರು ಆಮೇಲೆ ದಾಖಲು ಮಾಡಿದರು. ತೆಳು ಸಾರು ಕುಡಿದ ಕೂಡಲೇ ನಾಯಿ ಸಾಯುತ್ತದೆ ಅಂತ ನಾನು ಹೇಳೋದಿಲ್ಲ. ಎಷ್ಟೋ ನಾಯಿ ಸಾರು ಅನ್ನ ತಿಂದು ಬದುಕಿವೆ. ಆದರೆ ಹುಣಸೆ ತೊಕ್ಕು, ಗೊಜ್ಜು, ಪುಳಿಯೋಗರೆ ಹಾಕುವಾಗ ಕೈ ಹಿಂದೆ ತೆಗೆಯಿರಿ.

ಮೂರನೆಯದು ಉಳ್ಳಾಗಡ್ಡಿ, ಬಳ್ಳೊಳ್ಳಿ. ಇವು ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತವೆ. ಹಸಿ ಇರಲಿ, ಬೆಂದಿರಲಿ, ಪುಡಿ ಇರಲಿ ಎಲ್ಲಾ ಒಂದೇ. ಒಮ್ಮೆಗೆ ಗೊತ್ತಾಗೋದಿಲ್ಲ. ಎರಡು ಮೂರು ದಿನ ಬಿಟ್ಟು ನಾಯಿ ಸೊರಗುತ್ತದೆ, ಒಸಡು ಬೆಳ್ಳಗಾಗುತ್ತದೆ, ಉಚ್ಚೆ ಕೆಂಪು ಕಂದು ಆಗುತ್ತದೆ. ನಾವು ಜ್ವರ ಅಂದುಕೊಳ್ಳುತ್ತೇವೆ.

ನಾಲ್ಕನೆಯದು ಬೂಷ್ಟು. ಇದು ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಮಳೆಗೆ ನೆನೆದು ಕಪ್ಪಾದ ಶೇಂಗಾ, ಹಸಿರು ಬೂಷ್ಟು ಹಿಡಿದ ಹಿಂಡಿ, ಮಾಸಿದ ರೊಟ್ಟಿ, ಇವನ್ನು "ನಾಯಿಗಾದ್ರ ನಡೀತೈತಿ" ಅಂತ ಹಾಕುತ್ತೇವೆ. ಶೇಂಗಾದಲ್ಲಿ, ಗೋವಿನಜೋಳದಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಅದು ಯಕೃತ್ತು ತಿನ್ನುತ್ತದೆ. ಇದು ಲೋಕಕ್ಕೆ ಗೊತ್ತಾಗಿದ್ದೇ ಶೇಂಗಾ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಹುಡುಕಿ ನೋಡಿದರೆ ಅವು ತಿಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಇತ್ತು. 2020ರ ಕೊನೆಗೆ ಅಮೆರಿಕದಲ್ಲಿ ಕಾರ್ಖಾನೆಯ ನಾಯಿ ಆಹಾರದಲ್ಲೇ ಇದು ಸೇರಿ ಹತ್ತಾರು ನಾಯಿ ಸತ್ತವು. ಗಮನಿಸಿ: ಬೇಯಿಸಿದರೆ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಸಾಯೋದಿಲ್ಲ. ಹಂಚಿನ ಮೇಲೆ ಎಷ್ಟು ಕಾಯಿಸಿದರೂ ಹೋಗೋದಿಲ್ಲ. ಕೆಟ್ಟ ಕಾಳನ್ನು ನಾಯಿಗೂ ಹಾಕಬೇಡಿ, ದನಕ್ಕೂ ಹಾಕಬೇಡಿ. ದನ ತಿಂದರೆ ಅದು ಹಾಲಿಗೂ ಬರುತ್ತದೆ, ಆ ಹಾಲು ಮೊಮ್ಮಕ್ಕಳ ಬಾಯಿಗೆ ಹೋಗುತ್ತದೆ.

ಇವಲ್ಲದೆ ಚಾಕಲೇಟು, ಚಹಾಪುಡಿ, ಸಕ್ಕರೆ ಕಾಯಿಲೆಯವರಿಗಂತ ಬರುವ ಝೈಲಿಟಾಲ್ ಹಾಕಿದ ಸಿಹಿ ತಿನಿಸು ಕೂಡ ನಾಯಿಗೆ ಆಗೋದಿಲ್ಲ.

ಅಕಸ್ಮಾತ್ ತಿಂದರೆ ನನ್ನ ಹಾಗೆ ಮೂರು ದಿನ ಕಾಯಬೇಡಿ. ತಿಂದ ಒಂದೆರಡು ತಾಸಿನಲ್ಲಿ ಡಾಕ್ಟರ ಹತ್ತಿರ ಹೋದರೆ ಅವರು ವಾಂತಿ ಮಾಡಿಸಿ ಉಳಿಸಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸಬೇಡಿ, ಅದು ಇನ್ನೊಂದು ಕೇಡು.

ಋತುವಿಗೆ ತಕ್ಕ ರೊಟ್ಟಿ

ಈಗ ನಮ್ಮಲ್ಲಿ ಚೆನ್ನಿ ಅನ್ನುವ ಹೆಣ್ಣುನಾಯಿ ಇದೆ. ಅದಕ್ಕೆ ನಾವು ಮಾಡುವ ಪದ್ಧತಿ ಬರೆಯುತ್ತೇನೆ. ಪೇಟೆಯಿಂದ ಏನೂ ತರೋದಿಲ್ಲ. ಆಯಾ ಕಾಲಕ್ಕೆ ಹೊಲದಲ್ಲಿ ಬಂದದ್ದೇ ಬಳಸುತ್ತೇವೆ.

ಹಿಟ್ಟಿನ ಅಳತೆ ಎಲ್ಲಾ ಕಾಲಕ್ಕೂ ಒಂದೇ. ಒಂದು ಕಿಲೋ ಜೋಳದ ಅಥವಾ ಸಜ್ಜೆಯ ಹಿಟ್ಟು. ಕಾಲು ಕಿಲೋ ಬೇಯಿಸಿ ಹಿಚುಕಿದ ಕಾಯಿಪಲ್ಲೆ. ಒಂದು ಹಿಡಿ ಮೆತ್ತಗೆ ಬೇಯಿಸಿದ ಹೆಸರು, ಇಲ್ಲವೇ ಎರಡು ತತ್ತಿ. ಬಿಸಿನೀರು ಹಾಕಿ ಗಟ್ಟಿಯಾಗಿ ನಾದಬೇಕು. ಉಪ್ಪು, ಬೆಲ್ಲ, ಖಾರ, ಹುಳಿ, ಒಗ್ಗರಣೆ ಬೇಡ. ಅರ್ಧ ಬೆರಳು ದಪ್ಪ ತಟ್ಟಿ, ಸಣ್ಣ ಉರಿಯಲ್ಲಿ ಎರಡೂ ಕಡೆ ನಿಧಾನ ಬೇಯಿಸಬೇಕು. ಜೋರು ಉರಿ ಇಟ್ಟರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಬಿಸಿ ಇರುವಾಗಲೇ ಚೂರಿಯಿಂದ ಎರಡು ಬೆರಳಗಲದ ಚೌಕ ಕತ್ತರಿಸಿ, ಉರಿ ತೆಗೆದು, ಕೆಂಡದ ಕಾವಿಗೆ ಹಂಚಿನ ಮೇಲೆ ರಾತ್ರಿ ಬಿಡಬೇಕು. ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಪೂರಾ ಆರಿದ ಮೇಲೆ ಡಬ್ಬಿಗೆ ಹಾಕಬೇಕು. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಬೂಷ್ಟು ಬರುತ್ತದೆ.

ಮಳೆಗಾಲದಲ್ಲಿ, ಅಂದರೆ ಹೆಸರು ಕಿತ್ತ ಮೇಲೆ, ಹೊಸ ಹೆಸರನ್ನೇ ಸ್ವಲ್ಪ ಹೆಚ್ಚು ಹಾಕುತ್ತೇವೆ. ಆ ಕಾಲದಲ್ಲಿ ಹಿಟ್ಟನ್ನು ಆಗಾಗ ಸ್ವಲ್ಪ ಸ್ವಲ್ಪ ಬೀಸಿಸಬೇಕು. ರೊಟ್ಟಿ ಎರಡು ದಿನಕ್ಕಿಂತ ಹೆಚ್ಚು ಇಡಬಾರದು. ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹೋಗಲಿ.

ದೀಪಾವಳಿ ಹೊತ್ತಿಗೆ ಸಜ್ಜೆ ಬಂದಿರುತ್ತದೆ, ಬದುವಿನ ಬಳ್ಳಿಯಲ್ಲಿ ಸಿಹಿಕುಂಬಳ ಇರುತ್ತದೆ. ಸಜ್ಜೆ ಹಿಟ್ಟು, ಬೇಯಿಸಿದ ಕುಂಬಳ ಸೇರಿದರೆ ಬೆಲ್ಲ ಇಲ್ಲದೆಯೇ ಸಿಹಿ ಆಗುತ್ತದೆ. ಚೆನ್ನಿಗೆ ಇದೇ ಎಲ್ಲಕ್ಕಿಂತ ಇಷ್ಟ.

ಎಳ್ಳಮಾಸಿಗೆ ನಾವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆ, ಹಕ್ಕಿಗೆ, ಇರುವೆಗೆ ಎಲ್ಲರಿಗೂ ಪಾಲು ಕೊಡುತ್ತೇವೆ. ನಾಯಿಗೆ ಮಾತ್ರ ಉಂಡು ಉಳಿದ ಎಣ್ಣೆಹೋಳಿಗೆ, ಖಾರದ ಪಲ್ಲೆ. ಈಗ ನಾವು ಅವತ್ತು ಚೆನ್ನಿಗೆ ಸಜ್ಜೆ ರೊಟ್ಟಿ, ಬೇಯಿಸಿದ ಗೆಣಸು ಬೇರೆ ಕಟ್ಟಿಕೊಂಡು ಹೋಗುತ್ತೇವೆ. ಸಂಕ್ರಮಣದ ಮುಂಚಿನ ಭೋಗಿಗೆ ನಮಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದಲ್ಲ, ಅದೇ ಹಿಟ್ಟಿನಲ್ಲಿ ಉಪ್ಪು ಹಾಕುವ ಮುಂಚೆ ಒಂದು ಉಂಡೆ ತೆಗೆದಿಟ್ಟು, ಒಂದು ಚಿಟಿಕೆ ಎಳ್ಳು ಹಚ್ಚಿ, ಗಜ್ಜರಿ ತುರಿದು ಹಾಕಿದರೆ ಅದರ ಹಬ್ಬವೂ ಆಯಿತು.

ಬೇಸಿಗೆಗೆ ಹೊಸ ಬಿಳಿಜೋಳ ಬಂದಿರುತ್ತದೆ. ಬಿಸಿಲಿಗೆ ನಾಯಿ ಹೆಚ್ಚು ತಿನ್ನೋದಿಲ್ಲ. ತೆಳು ಖಡಕ್ ರೊಟ್ಟಿ ಮಾಡಿ, ಉಪ್ಪಿಲ್ಲದ ನೀರುಮಜ್ಜಿಗೆಯಲ್ಲಿ ಮುರಿದು ಸಂಜೆ ತಂಪಾದ ಮೇಲೆ ಇಡುತ್ತೇವೆ. ನೀರಿನ ದೋಣಿ ನೆರಳಿನಲ್ಲಿ ಇರಬೇಕು. ರೊಟ್ಟಿಗಿಂತ ಅದೇ ದೊಡ್ಡದು.

ಕುಂಬಳ, ಗೆಣಸಿನ ಈ ಸಿಹಿ ತುಣುಕು ಆಸೆಗೆ ಕೊಡುವ ತಿನಿಸು ಮಾತ್ರ. ದಿನದ ಊಟದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ದಿನದ ಊಟ ಸಾದಾ ರೊಟ್ಟಿ, ಬೇಳೆ, ಮಜ್ಜಿಗೆ, ವಾರಕ್ಕೆ ಮೂರು ನಾಲ್ಕು ತತ್ತಿ.

ಖರ್ಚಿನ ಲೆಕ್ಕ

ನಮ್ಮ ಕಾಕಾ ಒಬ್ಬರು ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಕೇಳಿದರು, "ಮಂದಿಗೇ ಜ್ವಾಳ ಸಾಲವಲ್ವು, ನೀ ನಾಯಿಗೆ ಬಡ್ಯಾಕತ್ತಿಯೇನೋ ತಮ್ಮಾ?" ಅವರ ಮಾತು ಸುಳ್ಳಲ್ಲ. ಬರ ನೋಡಿದ ಮನುಷ್ಯ ಕೇಳುವ ಪ್ರಶ್ನೆಯೇ ಅದು. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟೆ.

ಚೆನ್ನಿಗೆ ದಿನಕ್ಕೆ ಸುಮಾರು ಕಾಲು ಕಿಲೋ ಹಿಟ್ಟು ಹೋಗುತ್ತದೆ. ವರ್ಷಕ್ಕೆ 91 ಕಿಲೋ. ಒಂದು ಕ್ವಿಂಟಾಲ್ ಚೀಲ ಅಂತಲೇ ಹಿಡಿಯಿರಿ. ಬೇಳೆ, ತತ್ತಿ ಮೇಲೆ ಸ್ವಲ್ಪ. ಇನ್ನು ಆ ಕಡೆಯ ಲೆಕ್ಕ. ಮೋತ್ಯಾ ಸತ್ತ ವರ್ಷ ಮಳೆಗಾಲದಲ್ಲಿ ನಮ್ಮಲ್ಲಿ ನಾಯಿ ಇರಲಿಲ್ಲ. ಶೇಂಗಾ ಕಾಯಿ ಕಟ್ಟಿದ ಮೇಲೆ ಹಂದಿ ಹಿಂಡು ಎರಡು ರಾತ್ರಿ ಬಂತು. ಅರ್ಧ ಎಕರೆ ಉತ್ತಂತೆ ಮಾಡಿಟ್ಟು ಹೋಯಿತು. ಮೂರು ಚೀಲ ಕಾಯಿ ಹೋಯಿತು. ಅದೇ ಚಳಿಗಾಲದಲ್ಲಿ ಕೊಟ್ಟಿಗೆಯಿಂದ ಒಂದು ಆಡಿನ ಮರಿ ಹೋಯಿತು. ಒಂದು ಚೀಲ ಜೋಳ ಉಳಿಸಿ ಮೂರು ಚೀಲ ಶೇಂಗಾ, ಒಂದು ಮರಿ ಕಳೆದುಕೊಂಡೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಖರೇ ಬಿಡು" ಅಂದರು.

ಇನ್ನೊಂದು ಲಾಭ ಇದೆ. ಮನೆಯಲ್ಲಿ ಹೊಟ್ಟೆ ತುಂಬಿದ ನಾಯಿ ಊರ ತಿಪ್ಪೆ ತಿರುಗೋದಿಲ್ಲ, ಬೇರೆಯವರ ಕೋಳಿಗೆ ಬಾಯಿ ಹಾಕೋದಿಲ್ಲ. ಕರೆದರೆ ಬರುತ್ತದೆ, ಹಿಡಿದರೆ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಲು ಸುಲಭ. ಹೊಲದ ಮನೆಯಲ್ಲಿ ಮಕ್ಕಳಿರುವವರಿಗೆ ಇದು ಸಣ್ಣ ಮಾತಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗ, ಅಲ್ಲಿ ನಾಯಿಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುತ್ತಾರೆ ಅಂತ ಹೇಳಿ ನಗುತ್ತಾನೆ. ನಾನು ನಗೋದಿಲ್ಲ. ಅವರದು ಅವರ ಸಂತೋಷ. ನಮ್ಮಲ್ಲಿ ನಾಯಿ ಆಟಕ್ಕೆ ಇರುವ ಜೀವ ಅಲ್ಲ, ದುಡಿಯುವ ಜೀವ. ಎತ್ತಿಗೆ ಕಾರಹುಣ್ಣಿಮೆ ಇದೆ, ಕೋಡಿಗೆ ಬಣ್ಣ ಇದೆ. ಬೇಸಿಗೆಯಲ್ಲಿ ಹಿಂಡಿ ನೆನೆಸಿ ಇಡುತ್ತೇವೆ. ಎತ್ತು ದುಡಿದು ತಿನ್ನುತ್ತದೆ ಅನ್ನುವ ನಾವು, ರಾತ್ರಿ ಪೂರಾ ದುಡಿಯುವ ನಾಯಿಗೆ ಮಾತ್ರ ಕೆಟ್ಟದ್ದು, ಉಳಿದದ್ದು, ಮಾಸಿದ್ದು ಹಾಕುತ್ತೇವೆ. ಇಲ್ಲವೇ ಒಂದು ದಿನ ಪ್ರೀತಿ ಉಕ್ಕಿ ಬಂದು, ನನ್ನ ಹಾಗೆ, ತಿಳಿಯದೆ ವಿಷ ಹಾಕುತ್ತೇವೆ. ಎರಡೂ ಬೇಡ.

ಮೋತ್ಯಾನನ್ನು ಬದುವಿನ ಬೇವಿನ ಗಿಡದ ಕೆಳಗೆ ಹೂತಿದ್ದೇನೆ. ಹೋಳಿ ಹುಣ್ಣಿಮೆ ಬಂದಾಗಲೆಲ್ಲ ಆ ಮೂರು ರೊಟ್ಟಿ ನೆನಪಾಗುತ್ತವೆ. ನಿಮ್ಮ ಮನೆಯಲ್ಲಿ ಈ ಹಬ್ಬಕ್ಕೆ ನಾಯಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಕೊಡಿ. ಹಿಟ್ಟಿಗೆ ಉಪ್ಪು ಬೀಳುವ ಮುಂಚೆ ಒಂದು ಉಂಡೆ ತೆಗೆದಿಡಿ, ದ್ರಾಕ್ಷಿ ಡಬ್ಬಿ ಮೇಲಿನ ಗೂಡಿಗೆ ಇಡಿ. ಇಷ್ಟು ಮಾಡಿದರೆ ಸಾಕು.

ಬೇರೆ ಸೀಮೆಯ ರೈತರು ತಮ್ಮ ನಾಯಿಗೆ ರಾಗಿ, ನವಣೆ, ಅಕ್ಕಿಯಲ್ಲಿ ಏನು ಮಾಡಿ ಹಾಕುತ್ತಾರೆ, ಅದರಿಂದ ಏನು ಕಂಡಿದ್ದಾರೆ ಅಂತ ಬರೆದರೆ ನಾನು ಓದಿ ಕಲಿಯುತ್ತೇನೆ.